ಕೇಳಿ ನೋಡಿ: ಮರ ಹತ್ತುವ ಹೆಬ್ಬಾತು, ಸೀಟಿ ಹೊಡೆಯುವ ಬಾತು

ಇಂಗ್ಲೆಂಡಿನ ಪೂರ್ವ ಕರಾವಳಿಯ ನಾರ್ಫೋಕ್ ಕೌಂಟಿಯ ನೀರುಹಕ್ಕಿಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಪತ್ರಗಳು ಚೆನ್ನಾಗಿಯೇ ಬಂದಿವೆ. ಆದರೆ ಅರ್ಧಕ್ಕರ್ಧ ಒಂದೇ ಥರ: "ಒಂದು ಹಕ್ಕಿ ಕಂಡೆ, ಕಂದು ಬಣ್ಣ, ಏನದು?" ಕಂದು ಬಣ್ಣ ಅಂದರೆ ಏನು ಹೇಳೋದು ಸ್ವಾಮಿ? ಹೆಣ್ಣುಬಾತುಗಳೆಲ್ಲ ಹೆಚ್ಚುಕಮ್ಮಿ ಕಂದೇ. ಯಾವ ತಿಂಗಳು, ಎಂಥ ಜಾಗ, ಏನು ತಿನ್ನುತ್ತಿತ್ತು, ಈ ಮೂರನ್ನು ಮೊದಲು ಬರೆಯಿರಿ. ಬಣ್ಣ ಆಮೇಲೆ. ಈ ಮೂರು ಗೊತ್ತಾದರೆ ಎಷ್ಟೋ ಸಲ ಪುಸ್ತಕ ತೆಗೆಯುವ ಕೆಲಸವೇ ಇರುವುದಿಲ್ಲ.

ಜನವರಿ ಚಳಿಯಲ್ಲಿ ಪಾರ್ಕಿನ ದೊಡ್ಡ ಓಕ್ ಮರದ ಮೇಲೆ ಹೆಬ್ಬಾತಿನಂಥ ಹಕ್ಕಿ ಕೂತಿತ್ತು. ಕಣ್ಣಿನ ಸುತ್ತ ಕಂದು ಮಚ್ಚೆ. ಮನೆಯಲ್ಲಿ ಹೇಳಿದರೆ ಯಾರೂ ನಂಬುತ್ತಿಲ್ಲ. ಹೆಬ್ಬಾತು ಮರ ಹತ್ತುತ್ತದಾ?
– ನಾರಿಚ್‌ನ ಓದುಗರು

ಹತ್ತುತ್ತದೆ. ಮನೆಯವರಿಗೆ ಈ ಪುಟ ತೋರಿಸಿ. ನೀವು ಕಂಡದ್ದು ಈಜಿಪ್ಷಿಯನ್ ಗೂಸ್. ಇದರ ಮೂಲ ಆಫ್ರಿಕಾ. ಹೆಸರಿನಲ್ಲಿ ಗೂಸ್ ಇದ್ದರೂ ನಿಜವಾದ ಹೆಬ್ಬಾತುಗಳಿಗಿಂತ ಶೆಲ್‌ಡಕ್ ಎಂಬ ಬಾತಿಗೆ ಹತ್ತಿರದ ನೆಂಟ. ಹಳೆಯ ಮರದ ಪೊಟರೆಯಲ್ಲಿ ಗೂಡು ಮಾಡುತ್ತದೆ. ಅದಕ್ಕೇ ಚಳಿಗಾಲದ ಕೊನೆಯಲ್ಲಿ ಜೋಡಿಯಾಗಿ ಮರದ ಮೇಲೆ ಕೂತು ಜೋರಾಗಿ ಜಗಳ ಆಡುತ್ತಿರುತ್ತವೆ.

ಇಂಗ್ಲೆಂಡಿಗೆ ಇದು ತಾನಾಗಿ ಬಂದದ್ದಲ್ಲ. ದೊಡ್ಡ ಜಮೀನ್ದಾರರು ತಮ್ಮ ಬಂಗಲೆ ಮುಂದಿನ ಕೆರೆ ಚೆನ್ನಾಗಿ ಕಾಣಲಿ ಅಂತ ತರಿಸಿಕೊಂಡ ಹಕ್ಕಿ. ನಾರ್ಫೋಕ್‌ನ ಹೋಲ್ಕಮ್ ಎಸ್ಟೇಟಿನಲ್ಲಿ 18ನೇ ಶತಮಾನದಲ್ಲೇ ಇದ್ದವು. ಅಲ್ಲಿಂದ ಹೊರಬಿದ್ದು ಕೌಂಟಿ ತುಂಬ ಹರಡಿದವು. ಇಷ್ಟಾದರೂ ಇದನ್ನು ಬ್ರಿಟನ್ನಿನ ಕಾಡುಹಕ್ಕಿಗಳ ಅಧಿಕೃತ ಪಟ್ಟಿಗೆ ಸೇರಿಸಿದ್ದು 1971ರಲ್ಲಿ. ಇನ್ನೂರು ವರ್ಷ ಇದ್ದರೂ ಊರಿನವರು ಅನ್ನಿಸಿಕೊಳ್ಳೋದು ಸುಲಭ ಅಲ್ಲ ನೋಡಿ.

ಒಂದು ವಿಷಯದಲ್ಲಿ ಮಾತ್ರ ಅದು ಇನ್ನೂ ಇಂಗ್ಲೆಂಡಿಗೆ ಒಗ್ಗಿಲ್ಲ. ಬೇರೆ ಹಕ್ಕಿಗಳು ವಸಂತಕ್ಕೆ ಕಾಯುವಾಗ ಇದು ಚಳಿಗಾಲ ಮುಗಿಯುವ ಮುಂಚೆಯೇ ಮರಿ ಮಾಡಿ, ಆ ಮರಿಗಳಲ್ಲಿ ಸುಮಾರನ್ನು ಚಳಿಗೆ ಕಳೆದುಕೊಳ್ಳುತ್ತದೆ. ಫೆಬ್ರವರಿಯಲ್ಲಿ ಮರಿ ಕಂಡರೆ ಗಾಬರಿಯಾಗಬೇಡಿ, ಎತ್ತಿಕೊಂಡು ಮನೆಗಂತೂ ತರಲೇಬೇಡಿ.

ಅಕ್ಟೋಬರ್ ಕೊನೆಯಲ್ಲಿ ವೆಲ್ಸ್ ಹತ್ತಿರ ಸಮುದ್ರದ ದಂಡೆಯಲ್ಲಿದ್ದೆವು. ಸಂಜೆ ಆಕಾಶದ ತುಂಬ ಗೆರೆಗೆರೆಯಾಗಿ ಸಾವಿರಾರು ಹಕ್ಕಿ, ಎಲ್ಲವೂ ಕೂಗಿಕೊಂಡೇ ಸಮುದ್ರದ ಕಡೆಗೆ ಹೋದವು. ಬೆಳಿಗ್ಗೆ ನೋಡಿದರೆ ಒಂದೂ ಇಲ್ಲ. ಏನವು? ಹಗಲು ಎಲ್ಲಿ ಹೋಗುತ್ತವೆ?
– ಕೇಂಬ್ರಿಜ್‌ನ ಓದುಗರು

ತಿಂಗಳು, ಜಾಗ, ಹೊತ್ತು ಮೂರೂ ಬರೆದಿದ್ದೀರಿ, ಖುಷಿಯಾಯಿತು. ಅವು ಪಿಂಕ್‌ಫೂಟೆಡ್ ಗೂಸ್, ಗುಲಾಬಿ ಕಾಲಿನ ಹೆಬ್ಬಾತುಗಳು. ಬೇಸಿಗೆಯಲ್ಲಿ ಐಸ್‌ಲ್ಯಾಂಡ್ ಮತ್ತು ಗ್ರೀನ್‌ಲ್ಯಾಂಡ್‌ನಲ್ಲಿ ಮರಿ ಮಾಡಿ, ಸೆಪ್ಟೆಂಬರ್ ನಡುವಿನಿಂದ ಬ್ರಿಟನ್ನಿಗೆ ಇಳಿಯುತ್ತವೆ. ನಾರ್ಫೋಕ್‌ನಲ್ಲಿ ಚಳಿಗಾಲದ ನಡುವೆ ಹತ್ತಾರು ಸಾವಿರ ಸೇರುತ್ತವೆ. ಕಡು ಕಂದು ತಲೆ, ಗಿಡ್ಡ ಕತ್ತು, ಕಪ್ಪು ಕೊಕ್ಕಿಗೆ ಗುಲಾಬಿ ಪಟ್ಟಿ. ಹಾರುವಾಗ "ವಿಂಕ್ ವಿಂಕ್" ಅಂತ ಸಣ್ಣ ದನಿ. ಸಾವಿರ ಗಂಟಲು ಒಟ್ಟಿಗೆ ಸೇರಿದಾಗ ಅದು ಸಣ್ಣದಾಗಿ ಕೇಳೋದಿಲ್ಲ, ಅದು ಬೇರೆ ಮಾತು.

ಹಗಲು ಎಲ್ಲಿ ಅಂದರೆ, ಹೊಲದಲ್ಲಿ. ನಾರ್ಫೋಕ್ ಸಕ್ಕರೆ ಬೀಟ್ ಬೆಳೆಯುವ ಕೌಂಟಿ. ಅಲ್ಲಿ ಸಕ್ಕರೆ ಬರೋದು ಕಬ್ಬಿನಿಂದಲ್ಲ, ಈ ಬಿಳಿ ಗೆಡ್ಡೆಯಿಂದ. 1912ರಲ್ಲಿ ಕ್ಯಾಂಟ್ಲಿ ಎಂಬ ಊರಲ್ಲಿ ಬೀಟ್ ಕಾರ್ಖಾನೆ ಶುರುವಾಯಿತು, ಅದು ಈಗಲೂ ಇದೆ. ಸೆಪ್ಟೆಂಬರಿನಿಂದ ಚಳಿಗಾಲ ಪೂರ್ತಿ ಕಟಾವು ನಡೆಯುತ್ತದೆ. ಯಂತ್ರ ಗೆಡ್ಡೆಯನ್ನು ಎತ್ತಿಕೊಂಡು ಎಲೆ, ನೆತ್ತಿಯ ಚೂರುಗಳನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಹೆಬ್ಬಾತುಗಳಿಗೆ ಬೇಕಾದ್ದು ಆ ಚೂರು. ರೈತನಿಗೂ ನಷ್ಟ ಇಲ್ಲ, ಹಕ್ಕಿಗೂ ಹೊಟ್ಟೆ ತುಂಬುತ್ತದೆ. ಆದರೆ ಕಟಾವಾದ ಮರುದಿನವೇ ಉತ್ತು ಗೋಧಿ ಬಿತ್ತಿದರೆ ಚೂರೆಲ್ಲ ಮಣ್ಣಿನಡಿ ಹೋಗುತ್ತದೆ. ಆಗ ಅವು ಪಕ್ಕದ ಎಳೆ ಗೋಧಿಗೆ ಇಳಿಯುತ್ತವೆ, ಜಗಳ ಅಲ್ಲಿಂದ ಶುರು. ಅದಕ್ಕೇ ಹಕ್ಕಿ ನೋಡಲು ಹೋದವರು ಹೊಲದ ಅಂಚಿಗೆ ನುಗ್ಗಿ ಅವನ್ನು ಎಬ್ಬಿಸಬಾರದು. ನೀವು ಫೋಟೋ ತೆಗೆದು ಹೋಗುತ್ತೀರಿ, ಎದ್ದ ಹಿಂಡು ಹೋಗಿ ಇನ್ನೊಬ್ಬನ ಬೆಳೆ ಮೇಲೆ ಕೂರುತ್ತದೆ. ಕಾರಿನಲ್ಲೇ ಕೂತು ನೋಡಿ, ಕಾರಿಗೆ ಅವು ಅಷ್ಟು ಹೆದರುವುದಿಲ್ಲ.

ಸಂಜೆ ಸಮುದ್ರದ ಕಡೆಗೆ ಹೋಗೋದು ಮಲಗಲು. ನೀರು ಇಳಿದ ಕೆಸರುಬಯಲಿನಲ್ಲಿ ನರಿ ಬರುವ ಭಯ ಇಲ್ಲ. ಸ್ನೆಟಿಶಮ್, ಹೋಲ್ಕಮ್, ಸ್ಕೋಲ್ಟ್ ಹೆಡ್ ದ್ವೀಪ, ಇವು ಅವುಗಳ ಹೆಸರುವಾಸಿ ಮಲಗುವ ಜಾಗಗಳು. ಸ್ನೆಟಿಶಮ್‌ಗೆ ಹೋಗುವುದಾದರೆ ಬೆಳಕು ಹರಿಯುವ ಮುಂಚೆ ಅಲ್ಲಿರಬೇಕು, ಕಾರು ನಿಲ್ಲಿಸಿದ ಮೇಲೆ ನಡಿಗೆಯೂ ಜಾಸ್ತಿ. ಇನ್ನೊಂದು ವಿಷಯ, ಹುಣ್ಣಿಮೆ ಆಸುಪಾಸಿನ ದಿನ ಹೋಗಬೇಡಿ. ಬೆಳದಿಂಗಳಿದ್ದರೆ ಅವು ರಾತ್ರಿಯೇ ಹೊಲದಲ್ಲಿ ಮೇಯುತ್ತವೆ. ಬೆಳಿಗ್ಗೆ ಕಾದು ನಿಂತವರಿಗೆ ಬರೀ ಗಾಳಿ.

ಅದೇ ಕರಾವಳಿಯಲ್ಲಿ ಕಪ್ಪು ಬಾತುಗಳ ದೊಡ್ಡ ಗುಂಪು ನೋಡಿದೆ. ಗಾತ್ರ ಕೆರೆಗಳಲ್ಲಿ ಕಾಣುವ ಮಾಮೂಲಿ ಬಾತು ಮಲಾರ್ಡ್‌ಗಿಂತ ಸ್ವಲ್ಪ ದೊಡ್ಡದು, ಹಿಂಭಾಗ ಬಿಳಿ. ಯಾವ ಬಾತು?
– ಕಿಂಗ್ಸ್ ಲಿನ್‌ನ ಓದುಗರು

ಬಾತಲ್ಲ, ಹೆಬ್ಬಾತೇ. ಬ್ರೆಂಟ್ ಗೂಸ್, ಹೆಬ್ಬಾತುಗಳಲ್ಲಿ ಕುಳ್ಳ. ಉಪ್ಪುನೀರಿನ ಜೌಗು ಬಿಟ್ಟು ದೂರ ಹೋಗುವುದು ಕಡಿಮೆ, ಹೋದರೂ ದಂಡೆ ಪಕ್ಕದ ಹುಲ್ಲುಗಾವಲಿನ ತನಕ. ಮರಿ ಮಾಡುವುದು ಸೈಬೀರಿಯಾದ ತೈಮಿರ್ ಕಡೆ.

ಈ ಹಕ್ಕಿಯ ಕಥೆ ನನಗೆ ಬಹಳ ಇಷ್ಟ. ಸಮುದ್ರದಡಿ ಬೆಳೆಯುವ ಈಲ್‌ಗ್ರಾಸ್ ಎಂಬ ಹುಲ್ಲು ಇದರ ಮುಖ್ಯ ಊಟ. 1930ರ ದಶಕದಲ್ಲಿ ಆ ಹುಲ್ಲಿಗೆ ರೋಗ ಬಂದು ಅಟ್ಲಾಂಟಿಕ್ ದಂಡೆಗಳಲ್ಲಿ ಅದು ಸತ್ತೇ ಹೋಯಿತು. ಬ್ರೆಂಟ್ ಹೆಬ್ಬಾತುಗಳ ಸಂಖ್ಯೆಯೂ ನೆಲ ಕಚ್ಚಿತು. ಬ್ರಿಟನ್ನಿನಲ್ಲಿ 1954ರ ಕಾನೂನು ಅದನ್ನು ಕೊಲ್ಲಬಾರದೆಂದಿತು, ಹುಲ್ಲೂ ಅಲ್ಲಲ್ಲಿ ಚೇತರಿಸಿಕೊಂಡಿತು, ಹಕ್ಕಿ ಹೊಲಗದ್ದೆಯ ಹುಲ್ಲು ತಿನ್ನುವುದನ್ನೂ ಕಲಿತಿತು. ಹೀಗೆ ನಿಧಾನವಾಗಿ ಎದ್ದು ನಿಂತಿತು.

ಇನ್ನೊಂದು ತಮಾಷೆ ಇದೆ. ಒಂದು ವರ್ಷ ಹಿಂಡಿನ ತುಂಬ ಮರಿಗಳು, ಇನ್ನೊಂದು ವರ್ಷ ಒಂದೂ ಇಲ್ಲ. ಇದನ್ನು ನಿರ್ಧರಿಸುವುದು ಲೆಮಿಂಗ್ ಎಂಬ ಇಲಿಯಂಥ ಪ್ರಾಣಿ. ಸೈಬೀರಿಯಾದಲ್ಲಿ ಲೆಮಿಂಗ್ ಹೆಚ್ಚಾದ ವರ್ಷ ಅಲ್ಲಿನ ಹಿಮನರಿಗಳಿಗೆ ಹೊಟ್ಟೆ ತುಂಬ ಸಿಗುತ್ತದೆ, ಹೆಬ್ಬಾತಿನ ಮರಿಗಳು ಬದುಕುತ್ತವೆ. ಲೆಮಿಂಗ್ ಕಡಿಮೆಯಾದ ವರ್ಷ ನರಿಗಳ ಕಣ್ಣು ಗೂಡಿನ ಮೇಲೆ. ನೀವೇ ಲೆಕ್ಕ ಹಾಕಬಹುದು: ರೆಕ್ಕೆ ಮೇಲೆ ಅಡ್ಡಡ್ಡ ಬಿಳಿ ಗೆರೆ ಇರುವವು ಆ ವರ್ಷದ ಮರಿ, ಕತ್ತಿನಲ್ಲಿ ಬಿಳಿ ಗುರುತು ಇದ್ದು ರೆಕ್ಕೆ ಮೇಲೆ ಗೆರೆ ಇಲ್ಲದವು ದೊಡ್ಡವು.

ಯೇರ್ ನದಿ ಕಣಿವೆಯಲ್ಲಿ, ಬಕನ್‌ಹ್ಯಾಮ್ ಹತ್ತಿರ ಬೀನ್ ಗೂಸ್ ಎಂಬ ಹೆಬ್ಬಾತು ಸಿಗುತ್ತದೆ ಅಂತ ಹಳೆಯ ಪುಸ್ತಕದಲ್ಲಿ ಓದಿ ಹೋದೆ. ಸಿಗಲಿಲ್ಲ. ಎಲ್ಲಿ ನಿಲ್ಲಬೇಕಿತ್ತು?
– ಇಪ್ಸ್‌ವಿಚ್‌ನ ಓದುಗರು

ಎಲ್ಲಿ ನಿಂತರೂ ಅಷ್ಟೇ. 1990ರ ಸುಮಾರಿಗೆ ಅಲ್ಲಿ ನೂರಾರು ಬರುತ್ತಿದ್ದವು. ಇಡೀ ಬ್ರಿಟನ್ನಿನಲ್ಲಿ ಟೈಗಾ ಎಂಬ ಈ ಬಗೆಯ ಬೀನ್ ಗೂಸ್ ತಪ್ಪದೆ ಬರುತ್ತಿದ್ದ ಜಾಗ ಎರಡೇ, ಒಂದು ಇದು, ಇನ್ನೊಂದು ಸ್ಕಾಟ್ಲೆಂಡಿನಲ್ಲಿ. ಈಗ ಯೇರ್ ಕಣಿವೆಗೆ ಬರುವುದು ನಿಂತೇ ಹೋದ ಹಾಗಿದೆ. ಬೆಚ್ಚಗಿನ ಚಳಿಗಾಲಗಳಲ್ಲಿ ಅವಕ್ಕೆ ಸ್ವೀಡನ್, ಡೆನ್ಮಾರ್ಕ್‌ನಲ್ಲೇ ಮೇವು ಸಿಗುತ್ತದೆ, ಸಮುದ್ರ ದಾಟುವ ಕಷ್ಟ ಯಾಕೆ? ಹಳೆಯ ಪುಸ್ತಕ ನಂಬಿ ರೈಲು ಹತ್ತುವ ಮುಂಚೆ ಒಂದು ಮಾತು, ಬಕನ್‌ಹ್ಯಾಮ್ ಸ್ಟೇಷನ್‌ನಲ್ಲಿ ರೈಲು ನಿಲ್ಲುವುದೂ ಅಪರೂಪ. ಆದರೆ ಅದೇ ಜೌಗಿನಲ್ಲಿ ವಿಜನ್ ಬಾತುಗಳು ಸಾವಿರಗಟ್ಟಲೆ ಇರುತ್ತವೆ. ಮುಂದಿನ ಪ್ರಶ್ನೆ ಓದಿ.

ನನಗೆ ಮಲಾರ್ಡ್ ಬಿಟ್ಟರೆ ಯಾವ ಬಾತೂ ಗೊತ್ತಿಲ್ಲ. ಪುಸ್ತಕ ತೆಗೆದರೆ ತಲೆ ತಿರುಗುತ್ತದೆ. ಎಲ್ಲಿಂದ ಶುರು ಮಾಡಲಿ?
– ಗ್ರೇಟ್ ಯಾರ್ಮತ್‌ನ ಓದುಗರು

ಮುಳುಗುತ್ತದಾ, ಮುಳುಗಲ್ವಾ ಅನ್ನೋದರಿಂದ. ತಲೆ ನೀರಿಗೆ ಹಾಕಿ ಬಾಲ ಮೇಲೆತ್ತಿ ತಿನ್ನುವವು ಒಂದು ಗುಂಪು: ಮಲಾರ್ಡ್, ಟೀಲ್, ಗ್ಯಾಡ್‌ವಾಲ್, ಪಿನ್‌ಟೇಲ್, ಶವಲರ್, ವಿಜನ್. ಪೂರ್ತಿ ಮುಳುಗಿ ಬೇರೆ ಕಡೆ ಏಳುವವು ಇನ್ನೊಂದು ಗುಂಪು: ಟಫ್ಟೆಡ್ ಡಕ್, ಪೋಚರ್ಡ್, ಗೋಲ್ಡನ್‌ಐ. ಅರ್ಧ ಕೆಲಸ ಆಯ್ತು.

ವಿಜನ್ ಕಲಿಯೋದು ಸುಲಭ, ಕಿವಿ ಸಾಕು. ಗಂಡು "ವ್ಹೀಯೂ" ಅಂತ ಸೀಟಿ ಹೊಡೆಯುತ್ತದೆ. ಚಳಿಗಾಲದಲ್ಲಿ ಕ್ಲೇ ಜೌಗಿನ ಪಕ್ಕ ಕಣ್ಣು ಮುಚ್ಚಿ ನಿಂತರೂ ಗೊತ್ತಾಗುತ್ತದೆ. ಅಂದಹಾಗೆ, 1926ರಲ್ಲಿ ಈ ಕ್ಲೇ ಜೌಗನ್ನು ಕೊಂಡು ಹಕ್ಕಿಗಳಿಗೆ ಬಿಟ್ಟಾಗಲೇ ನಾರ್ಫೋಕ್ ವೈಲ್ಡ್‌ಲೈಫ್ ಟ್ರಸ್ಟ್ ಹುಟ್ಟಿದ್ದು. ಇಂಗ್ಲೆಂಡಿನ ಕೌಂಟಿ ಟ್ರಸ್ಟ್‌ಗಳಲ್ಲಿ ಅದೇ ಮೊದಲನೆಯದು. ವಿಜನ್ ಗಂಡಿಗೆ ಕೆಂಗಂದು ತಲೆ, ಹಣೆಗೆ ಹಳದಿ ನಾಮ. ದನಗಳ ಹಾಗೆ ಹುಲ್ಲು ಮೇಯುತ್ತದೆ.

ಟೀಲ್ ಎಲ್ಲಕ್ಕಿಂತ ಚಿಕ್ಕದು, ಹೆದರಿದರೆ ನೀರಿನಿಂದ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಶವಲರ್‌ಗೆ ಸೌಟಿನಂಥ ಕೊಕ್ಕು, ತಪ್ಪಲು ಸಾಧ್ಯವೇ ಇಲ್ಲ. ಪಿನ್‌ಟೇಲ್‌ಗೆ ಉದ್ದ ಬಾಲ. ಗ್ಯಾಡ್‌ವಾಲ್ ಮಾತ್ರ ದೂರದಿಂದ ಸಪ್ಪೆ. ಬೂದು ಮೈ, ಕಪ್ಪು ಹಿಂಭಾಗ. ಹತ್ತಿರದಿಂದ ನೋಡಿ, ಆ ಬೂದಿನಲ್ಲಿರುವ ನೇಯ್ಗೆ ಯಾವ ಬಣ್ಣಕ್ಕೂ ಕಡಿಮೆ ಇಲ್ಲ. ನಾರ್ಫೋಕ್‌ನಲ್ಲಿ ಇವು ಮರಿ ಮಾಡಲು ಶುರುವಾದದ್ದೇ 1850ರ ಸುಮಾರಿಗೆ, ಬಲೆಗೆ ಬಿದ್ದ ಒಂದು ಜೋಡಿಯ ರೆಕ್ಕೆ ಕತ್ತರಿಸಿ ನಾರ್ಫರ್ಡ್ ಕೆರೆಯಲ್ಲಿ ಬಿಟ್ಟ ಮೇಲೆ.

ಶೆಲ್‌ಡಕ್ ಈ ಎರಡೂ ಗುಂಪಿಗೆ ಸೇರದ ಆಸಾಮಿ. ಬಿಳಿ ಮೈ, ಹಸಿರುಗಪ್ಪು ತಲೆ, ಕೆಂಪು ಕೊಕ್ಕು, ಕೆಸರಿನಲ್ಲಿ ಸಣ್ಣ ಶಂಖುಹುಳು ಹೆಕ್ಕುತ್ತಾ ನಡೆಯುತ್ತದೆ. ಮೊಟ್ಟೆ ಇಡುವುದು ಮೊಲದ ಬಿಲದೊಳಗೆ. ಜುಲೈ ಬಂತೆಂದರೆ ದೊಡ್ಡವುಗಳಲ್ಲಿ ಬಹುಪಾಲು ಸಮುದ್ರ ದಾಟಿ ಜರ್ಮನಿ ಕರಾವಳಿಗೆ ಗರಿ ಬದಲಾಯಿಸಲು ಹೊರಡುತ್ತವೆ. ಹತ್ತಾರು ಸಂಸಾರದ ಮರಿಗಳನ್ನು ಹಿಂದೆ ಉಳಿದ ಒಂದೆರಡು ಹಿರಿಯರು ನೋಡಿಕೊಳ್ಳುತ್ತವೆ.

ಬೇಸಿಗೆ ರಜೆಯಲ್ಲಿ ಬ್ರಾಡ್ಸ್ ಎಂಬ ಕೆರೆ-ನದಿಗಳ ಪ್ರದೇಶದಲ್ಲಿ ದೋಣಿ ಮಾಡಿದ್ದೆವು. ಎಲ್ಲ ಬಾತುಗಳೂ ಹೆಣ್ಣೇ! ಹಸಿರು ತಲೆಯ ಗಂಡು ಒಂದೂ ಕಾಣಲಿಲ್ಲ. ಗಂಡುಗಳು ಎಲ್ಲಿ ಹೋಗುತ್ತವೆ?
– ಲಂಡನ್ನಿನ ಓದುಗರು

ನಿಮ್ಮ ದೋಣಿ ಪಕ್ಕದಲ್ಲೇ ಇದ್ದವು. ಹೆಣ್ಣು ಕಾವಿಗೆ ಕೂತ ಮೇಲೆ ಗಂಡಿಗೆ ಕೆಲಸ ಇಲ್ಲ, ಬಣ್ಣದ ಬಟ್ಟೆ ಬಿಚ್ಚಿಡುತ್ತದೆ. ಜೂನ್‌ನಿಂದ ಆಗಸ್ಟ್ ಒಳಗೆ ರೆಕ್ಕೆಯ ದೊಡ್ಡ ಗರಿಗಳೆಲ್ಲ ಒಟ್ಟಿಗೆ ಉದುರಿ ಮೂರು ನಾಲ್ಕು ವಾರ ಹಾರಲಿಕ್ಕೇ ಆಗುವುದಿಲ್ಲ. ಆಗ ಹೊಳೆಯುವ ಹಸಿರು ತಲೆ ಇಟ್ಟುಕೊಂಡರೆ ಯಾವುದಾದರೂ ಬಾಯಿಗೆ ತುತ್ತಾಗೋದು ಗ್ಯಾರಂಟಿ. ಹಾಗಾಗಿ ಹೆಣ್ಣಿನಂತೆ ಕಂದಾಗಿ ಜೊಂಡಿನಲ್ಲಿ ಅಡಗಿರುತ್ತದೆ. ಕೊಕ್ಕು ನೋಡಿ: ಮಲಾರ್ಡ್ ಗಂಡಿಗೆ ಆಗಲೂ ಹಳದಿ, ಹೆಣ್ಣಿಗೆ ಕಿತ್ತಳೆ ಕಂದು ಮಿಶ್ರ. ಅಕ್ಟೋಬರ್ ಹೊತ್ತಿಗೆ ಮತ್ತೆ ಮದುವಣಿಗ.

ಪಾರ್ಕಿನಲ್ಲೂ ಹಂಸ ಇದೆ, ವೆಲ್ನಿಯ ಜೌಗಿನಲ್ಲೂ ಹಂಸ ಇದೆ. ಅಷ್ಟು ದೂರ ಹೋಗಿ ಹಂಸ ನೋಡೋದರಲ್ಲಿ ಏನಿದೆ? ನನ್ನ ಗಂಡನ ಪ್ರಶ್ನೆ ಇದು, ನನ್ನದಲ್ಲ.
– ಪೀಟರ್‌ಬರೋದ ಓದುಗರು

ಅವರನ್ನೂ ಕರೆದುಕೊಂಡು ಹೋಗಿ. ಪಾರ್ಕಿನದು ಮ್ಯೂಟ್ ಸ್ವಾನ್, ವರ್ಷವಿಡೀ ಅಲ್ಲೇ ಇರುವ ಹಂಸ, ಕಿತ್ತಳೆ ಕೊಕ್ಕಿನ ಬುಡಕ್ಕೆ ಕಪ್ಪು ಗಂಟು. ವೆಲ್ನಿಗೆ ಚಳಿಗಾಲದಲ್ಲಿ ಬರುವುದು ಬೇರೆ ಎರಡು ಜಾತಿ, ಎರಡಕ್ಕೂ ಕೊಕ್ಕು ಹಳದಿ-ಕಪ್ಪು. ಐಸ್‌ಲ್ಯಾಂಡಿನಿಂದ ಬರುವ ವೂಪರ್ ದೊಡ್ಡದು, ಅದರ ಹಳದಿ ಮೂಗಿನ ಹೊಳ್ಳೆ ದಾಟಿ ಚೂಪಾಗಿ ಮುಂದೆ ಬರುತ್ತದೆ. ರಷ್ಯಾದ ಆರ್ಕ್ಟಿಕ್‌ನಿಂದ ಸುಮಾರು 3,500 ಕಿ.ಮೀ. ಹಾರಿ ಬರುವ ಬೀವಿಕ್ಸ್ ಚಿಕ್ಕದು, ಹಳದಿಯೂ ಕಡಿಮೆ.

ಆ ಜಾಗವೂ ನೋಡುವಂಥದ್ದೇ. 17ನೇ ಶತಮಾನದಲ್ಲಿ ಫೆನ್ಸ್ ಎಂಬ ಜೌಗುನಾಡನ್ನು ಒಣಗಿಸಲು ಡಚ್ ಎಂಜಿನಿಯರ್ ವರ್ಮೂಡನ್ ನೇತೃತ್ವದಲ್ಲಿ ನೇರವಾದ ಎರಡು ಕಾಲುವೆ ತೋಡಿದರು. ಮಳೆಗಾಲ ಚಳಿಗಾಲದ ಹೆಚ್ಚಿನ ನೀರು ನಿಲ್ಲಲಿ ಅಂತ ನಡುವೆ ಉದ್ದನೆಯ ಪಟ್ಟಿ ಬಿಟ್ಟರು. ಅದೇ ಊಸ್ ವಾಶಸ್. ನೆಲ ಒಣಗಿಸಲು ಹೊರಟವರು ಹಕ್ಕಿಗಳಿಗೆ ಇಂಗ್ಲೆಂಡಿನ ಅತಿ ಒಳ್ಳೆಯ ಕೆರೆಯೊಂದನ್ನು ಕಟ್ಟಿಕೊಟ್ಟ ಹಾಗಾಯಿತು. ಹಗಲು ಹಂಸಗಳು ಸುತ್ತಲಿನ ಹೊಲಗಳಲ್ಲಿ ಉಳಿದ ಬೀಟ್, ಆಲೂಗಡ್ಡೆ ತಿನ್ನುತ್ತವೆ. ಸಂಜೆ ಸಂಸಾರ ಸಮೇತ ನೀರಿಗಿಳಿಯುತ್ತವೆ, ಅಪ್ಪ ಅಮ್ಮನ ನಡುವೆ ಬೂದು ಬಣ್ಣದ ಮರಿಗಳು. ವೈಲ್ಡ್‌ಫೌಲ್ ಅಂಡ್ ವೆಟ್‌ಲ್ಯಾಂಡ್ಸ್ ಟ್ರಸ್ಟ್ ಅಲ್ಲಿ ಗಾಜಿನ ಕಿಟಕಿಯ ಕೋಣೆ ಕಟ್ಟಿದೆ, ಚಳಿಯಲ್ಲಿ ನಡುಗಬೇಕಾಗಿಲ್ಲ.

ಬೀವಿಕ್ಸ್ ನೋಡಬೇಕಿದ್ದರೆ ತಡ ಮಾಡಬೇಡಿ. ಎರಡು ಬೀವಿಕ್ಸ್ ಕೊಕ್ಕುಗಳ ಹಳದಿ-ಕಪ್ಪು ನಕ್ಷೆ ಒಂದೇ ಥರ ಇರೋದಿಲ್ಲ. ಟ್ರಸ್ಟಿನ ಸ್ಥಾಪಕ ಪೀಟರ್ ಸ್ಕಾಟ್ 1964ರಲ್ಲಿ ಗ್ಲಾಸ್ಟರ್‌ಶೈರ್‌ನ ಸ್ಲಿಂಬ್ರಿಜ್‌ನಲ್ಲಿ ಇದನ್ನು ಗಮನಿಸಿ ಒಂದೊಂದಕ್ಕೂ ಹೆಸರಿಟ್ಟು ದಾಖಲೆ ಶುರು ಮಾಡಿದರು. ಅಷ್ಟು ವರ್ಷಗಳ ಲೆಕ್ಕ ಇರುವುದರಿಂದಲೇ ಇಳಿಕೆಯೂ ಚೆನ್ನಾಗಿ ಗೊತ್ತು. ಯುರೋಪಿನ ವಾಯವ್ಯ ಭಾಗಕ್ಕೆ ಬರುವ ಬೀವಿಕ್ಸ್ 1995ರಲ್ಲಿ ಸುಮಾರು 29,000 ಇದ್ದವು, 2010ಕ್ಕೆ ಸುಮಾರು 18,000, ಆಮೇಲೆ ಇನ್ನೂ ಇಳಿದಿವೆ. ಕೆಲವು ಜರ್ಮನಿ, ನೆದರ್‌ಲ್ಯಾಂಡ್ಸ್‌ನಲ್ಲೇ ನಿಂತುಬಿಡುತ್ತವೆ, ಅದು ಒಂದು ಕಾರಣ. ವಿದ್ಯುತ್ ತಂತಿಗೆ ಬಡಿಯುವುದು, ಸೀಸ ನುಂಗುವುದು, ಕದ್ದು ಬೇಟೆಯಾಡುವುದು ಬೇರೆ. ಕಾನೂನು ಎಲ್ಲ ಕಡೆ ಕಾಯುವ ಈ ಹಕ್ಕಿಯ ಎಕ್ಸ್‌ರೇ ತೆಗೆದರೆ ಎಷ್ಟೋ ಸಲ ಮೈಯೊಳಗೆ ಬಂದೂಕಿನ ಚರೆ ಕಾಣುತ್ತದೆ. ನಾಚಿಕೆಗೇಡು.

ಇಂಗ್ಲೆಂಡಿನ ಹಂಸಗಳೆಲ್ಲ ರಾಜನ ಸ್ವತ್ತು ಅನ್ನೋದು ನಿಜವಾ?
– ಥೆಟ್‌ಫರ್ಡ್‌ನ ಓದುಗರು

ಎಲ್ಲವೂ ಅಲ್ಲ. ತೆರೆದ ನೀರಿನಲ್ಲಿರುವ, ಯಾರ ಗುರುತೂ ಇಲ್ಲದ ಮ್ಯೂಟ್ ಹಂಸಗಳ ಮೇಲೆ ರಾಜಮನೆತನಕ್ಕೆ ಹಕ್ಕಿದೆ. ಈಗ ಅದನ್ನು ಚಲಾಯಿಸುವುದು ಥೇಮ್ಸ್ ನದಿಯ ಕೆಲವು ಕಡೆ ಮಾತ್ರ, ಪ್ರತಿ ಜುಲೈನಲ್ಲಿ ಎಣಿಕೆ ಮಾಡುತ್ತಾರೆ. ವೂಪರ್, ಬೀವಿಕ್ಸ್ ಯಾರ ಸ್ವತ್ತೂ ಅಲ್ಲ. ಒಂದು ಕಾಲದಲ್ಲಿ ಹಂಸ ಅಂದರೆ ದೊಡ್ಡವರ ಹಬ್ಬದೂಟ. ನಾರಿಚ್‌ನ ಗ್ರೇಟ್ ಹಾಸ್ಪಿಟಲ್ ಎಂಬ ಹಳೆಯ ವೃದ್ಧಾಶ್ರಮದಲ್ಲಿ 18ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಹಂಸದ ಕೊಳ ಇನ್ನೂ ಇದೆ, ಮರಿಗಳನ್ನು ತಂದು ಅಲ್ಲಿ ಕೊಬ್ಬಿಸುತ್ತಿದ್ದರು. ಈಗ 1981ರ ಕಾನೂನಿನಂತೆ ಹಂಸ ಕೊಂದರೆ ಅಪರಾಧ. ಇದಕ್ಕಿಂತ ಹಂಸಗಳಿಗೆ ಜಾಸ್ತಿ ಉಪಕಾರ ಮಾಡಿದ್ದು 1987ರ ಒಂದು ಸಣ್ಣ ನಿಯಮ, ಗಾಳ ಹಾಕುವವರ ಸೀಸದ ತೂಕಗಳ ಮೇಲಿನ ನಿಷೇಧ. ಕಲ್ಲಿನ ಜೊತೆ ಆ ಸೀಸ ನುಂಗಿ ಸಾಯುತ್ತಿದ್ದವುಗಳಿಗೆ ಲೆಕ್ಕ ಇರಲಿಲ್ಲ.

ಬೆಳಿಗ್ಗೆ ಜೌಗಿನ ಕಡೆಯಿಂದ ಗುಂಡಿನ ಸದ್ದು. ಬಾತು ಹೊಡೆಯುವುದು ಕಾನೂನುಬದ್ಧವೇ?
– ಹನ್‌ಸ್ಟಂಟನ್‌ನ ಓದುಗರು

ಕೆಲವು ಜಾತಿಗಳನ್ನು, ಕೆಲವು ತಿಂಗಳು. ಸೆಪ್ಟೆಂಬರ್ 1ರಿಂದ ಜನವರಿ 31, ಸಮುದ್ರದ ಉಬ್ಬರದ ನೀರು ಮುಟ್ಟುವ ಗೆರೆಯ ಕೆಳಗಿನ ದಂಡೆಯಲ್ಲಿ ಫೆಬ್ರವರಿ 20ರ ತನಕ. ಪಿಂಕ್‌ಫೂಟ್ ಹೊಡೆಯಬಹುದು, ಬ್ರೆಂಟ್ ಹೊಡೆಯುವಂತಿಲ್ಲ. 1999ರಿಂದ ನೀರುಹಕ್ಕಿಗೆ ಸೀಸದ ಚರೆ ಬಳಸುವಂತಿಲ್ಲ. ನಾರ್ಫೋಕ್‌ನಲ್ಲಿ ಭಾನುವಾರ ಕಾಡುಬಾತು ಬೇಟೆಗೆ ರಜೆ. ಭಾನುವಾರ ಸದ್ದು ಕೇಳಿದರೆ ಪೊಲೀಸರಿಗೆ ಹೇಳಬಹುದು, ಆದರೆ ಅದು ಹೊಲದಲ್ಲಿ ಹಕ್ಕಿ ಓಡಿಸುವ ಗ್ಯಾಸ್ ಗನ್ ಅಲ್ಲ ತಾನೇ ಅಂತ ಮೊದಲು ನೋಡಿ.

ಬಾತುಗಳಿಗೆ ಬ್ರೆಡ್ ಹಾಕಬಹುದಾ?
– ಇಬ್ಬರು ಓದುಗರು, ಒಂದೇ ವಾರ

ಒಂದು ಚೂರಿನಿಂದ ಏನೂ ಆಗಲ್ಲ. ಇಡೀ ಊರು ಚೀಲಗಟ್ಟಲೆ ತಂದು ಸುರಿದರೆ ಹೊಟ್ಟೆ ತುಂಬುತ್ತದೆ, ಪೋಷಣೆ ಸಿಗುವುದಿಲ್ಲ, ಉಳಿದದ್ದು ನೀರು ಕೊಳೆಸುತ್ತದೆ. ಓಟ್ಸ್, ಬಟಾಣಿ, ಜೋಳದ ಕಾಳು, ಹೆಚ್ಚಿದ ಲೆಟಿಸ್ ವಾಸಿ. ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ, ಮಕ್ಕಳನ್ನೂ ನಾಯಿಯನ್ನೂ ದೂರ ಇಡಿ, ಹಕ್ಕಿಜ್ವರದ ಕಾಲ.

ನಮ್ಮ ಕಾಲುವೆಯ ಹಂಸ ಒಂದು ಕಾಲು ಬೆನ್ನ ಮೇಲಿಟ್ಟುಕೊಂಡು ಈಜುತ್ತಿದೆ. ಮುರಿದಿರಬಹುದಾ? ಯಾರಿಗೆ ಫೋನ್ ಮಾಡಲಿ?
– ಡೌನಮ್ ಮಾರ್ಕೆಟ್‌ನ ಓದುಗರು

ಯಾರಿಗೂ ಬೇಡ. ಹಂಸಗಳು ಹಾಗೆ ಮಾಡುತ್ತವೆ. ಒಂದು ಕಾಲು ಹುಟ್ಟು ಹಾಕುತ್ತದೆ, ಇನ್ನೊಂದಕ್ಕೆ ಆರಾಮ. ಸ್ವಲ್ಪ ಹೊತ್ತು ಕಾದರೆ ಕೆಳಗಿಳಿಸುತ್ತದೆ. ದಡಕ್ಕೆ ಬಂದಾಗ ಕುಂಟಿದರೆ ಅಥವಾ ಕೊಕ್ಕಿನಿಂದ ಗಾಳದ ದಾರ ಜೋತಾಡುತ್ತಿದ್ದರೆ ಆಗ ಮಾತ್ರ ಪ್ರಾಣಿರಕ್ಷಕರಿಗೆ ಫೋನ್ ಮಾಡಿ. ನೀವೇ ಹಿಡಿಯಲು ಹೋಗಬೇಡಿ, ಅದರ ರೆಕ್ಕೆ ಏಟು ತಿಂದವರು ಎರಡನೇ ಸಲ ಹೋಗುವುದಿಲ್ಲ.